ವರದೆಯ ಬಯಲಲ್ಲಿ ಊರಿಂದೂರಿಗೆ

ಶಿಗ್ಗಾವಿ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ದುಂಡಶಿ ಸೀಮೆಯಲ್ಲಿ ಹುಟ್ಟುವ ಬೆಣ್ಣಿಹಳ್ಳ ಉತ್ತರಕ್ಕೆ ಹರಿದು ಮಲಪ್ರಭೆ ಸೇರಿದರೆ, ದಕ್ಷಿಣದ ಹಳ್ಳಗಳು ವರದಾ ನದಿಯತ್ತ ಇಳಿಯುತ್ತವೆ. ಹಿರೇಬೆಂಡಿಗೇರಿಯಿಂದ ಪ್ರವಾಸ ಹೊರಡುವವರು ದಕ್ಷಿಣದ ದಾರಿಯನ್ನೇ ಹಿಡಿಯಲಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡುವವರು ಈ ದಾರಿಯ ಊರುಗಳ ಹೆಸರನ್ನು ಫಲಕದಲ್ಲಿ ಓದಿ ಮುಂದೆ ಹೋಗಿಬಿಡುತ್ತಾರೆ. ಅದು ದೊಡ್ಡ ನಷ್ಟ.

ಕನಕದಾಸರು ಹುಟ್ಟಿದ ಬಾಡ ಇದೇ ತಾಲ್ಲೂಕಿನಲ್ಲಿದೆ. ಅದಕ್ಕೆ ಸಮೀಪದ ಬಂಕಾಪುರಕ್ಕೆ ರಾಷ್ಟ್ರಕೂಟರ ಸಾಮಂತ ಬಂಕೇಶನ ಹೆಸರು. ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ 898ರಲ್ಲಿ ಪೂಜೆ ಸಂದದ್ದೂ ಇಲ್ಲಿಯೇ. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಅದು ಸುತ್ತಲ ನೆಲಕ್ಕಿಂತ ತಗ್ಗಿನಲ್ಲಿದೆ, ಇಳಿದು ಹೋಗಬೇಕು. ತಿರುಗಣೆಯಲ್ಲಿ ಕಡೆದ ಕಂಬಗಳ ಉಂಗುರಗಳ ಮೇಲೆ ಬೆರಳಾಡಿಸಿ ನೋಡಿ, ಎಲ್ಲೂ ತಡೆಯುವುದಿಲ್ಲ. ಹೊರಗೆ ಕಂದಕದ ಪೊದೆಗಳಲ್ಲಿ ನವಿಲುಗಳು ಮೇಯುತ್ತಿರುತ್ತವೆ. 2006ರಲ್ಲಿ ಈ ಕೋಟೆ ಆವರಣ ನವಿಲುಧಾಮವಾಯಿತು. ಖಿಲಾರಿ ದನಗಳ ಸರ್ಕಾರಿ ತಳಿ ಕೇಂದ್ರವೂ ಇದೇ ಆವರಣದಲ್ಲಿರುವುದರಿಂದ ಗಿಡಗಂಟಿ, ಹುಲ್ಲುಗಾವಲು ಉಳಿದುಕೊಂಡಿವೆ.

ಹಾನಗಲ್ಲಿಗೆ ಮಾತ್ರ ಪೂರ್ತಿ ಒಂದು ದಿನ ಇಟ್ಟುಕೊಳ್ಳಬೇಕು. ಶಾಸನಗಳ ಪಾನುಂಗಲ್ಲು ಇದು, ಕದಂಬರ ಒಂದು ಶಾಖೆಯ ರಾಜಧಾನಿ. ಹೊಯ್ಸಳ ವೀರಬಲ್ಲಾಳ 1196ರಲ್ಲಿ ಮುತ್ತಿಗೆ ಹಾಕಿದ ಕೋಟೆ. ತಾರಕೇಶ್ವರ ಗುಡಿಯ ಮಂಟಪದಲ್ಲಿ ನಿಂತು ತಲೆ ಎತ್ತಿ. ಎಂಟು ಮೂಲೆಯ ತಳದಿಂದ ಕಲ್ಲಿನ ಪದರುಗಳು ಸುತ್ತುಸುತ್ತಾಗಿ ಕಿರಿದಾಗುತ್ತ ಮೇಲೇರುತ್ತವೆ. ನಟ್ಟನಡುವೆ ಕೆಳಮುಖವಾಗಿ ಜೋತುಬಿದ್ದ ಕಮಲ. ಅಷ್ಟು ಭಾರದ ಕಲ್ಲು ಶತಮಾನಗಳಿಂದ ತಲೆಯ ಮೇಲೆ ನಿಂತಿದೆ ಎಂಬ ಅರಿವಾದಾಗ ಮೈ ಜುಮ್ಮೆನ್ನುತ್ತದೆ. ಕರ್ನಾಟಕದ ಛಾವಣಿಗಳಲ್ಲಿ ಇದಕ್ಕೆ ಸಾಟಿಯಾದವು ಬಹಳ ಇಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಇಂಥ ಗುಡಿ ಕಟ್ಟಿಸುವ ಸಿರಿ ಎಲ್ಲಿಂದ ಬಂತು? ಊರಿನಾಚೆ ಬಂದರೆ ಉತ್ತರ ಕಾಣುತ್ತದೆ: ಕೆರೆ, ಭತ್ತದ ಗದ್ದೆ, ಮಾವಿನ ತೋಪು. ಮಳಗಿಯ ಬಳಿ ತಡೆದ ಧರ್ಮಾ ನದಿಯ ನೀರು ಕಾಲುವೆಗಳಲ್ಲಿ ಹರಿದು ಇಂದಿಗೂ ಈ ತಾಲ್ಲೂಕಿನ ಕೆರೆಗಳನ್ನು ತುಂಬಿಸುತ್ತದೆ. ಅದೇ ಧರ್ಮಾ ಮುಂದೆ ಕೂಡಲದಲ್ಲಿ ವರದೆಯೊಂದಿಗೆ ಬೆರೆಯುತ್ತದೆ. ಸಾಗರ ಸಮೀಪದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ ಬಂದ ಹೊಳೆ ಅಷ್ಟೊತ್ತಿಗೆ ಮಲೆನಾಡು ಬಿಟ್ಟು ಕರಿಮಣ್ಣಿನತ್ತ ಮುಖ ಮಾಡಿರುತ್ತದೆ.

ಸವಣೂರು ನವಾಬರ ಊರು, ವಿ.ಕೃ. ಗೋಕಾಕರ ಹುಟ್ಟೂರು, ವೀಳ್ಯದೆಲೆಗೂ ಖಾರಕ್ಕೂ ಹೆಸರಾದದ್ದು. ಇಲ್ಲಿನ ಮಠವೊಂದರ ಅಂಗಳದಲ್ಲಿರುವ ಮೂರು ದೊಡ್ಡಹುಣಸೆ ಮರಗಳ ಮೂಲ ಆಫ್ರಿಕಾ. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಮೇತ ಉರುಳಿದಾಗ ಕ್ರೇನ್ ತರಿಸಿ ಮತ್ತೆ ನಿಲ್ಲಿಸಿದರು, ಅದು ಚಿಗುರಿತು. ಈ ಕಾಳಜಿ ಬಯಲಿನ ಪಾಳುಗುಡಿಗಳಿಗೂ ಸಿಗಬೇಕು.

ಹೊಳೆಯ ಜಾಡಿನಲ್ಲಿ ಇನ್ನೂ ಕೆಳಗೆ ಹೊಸರಿತ್ತಿ. 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪ ಇಬ್ಬರು ಸಂಗಡಿಗರೊಂದಿಗೆ ಬ್ರಿಟಿಷ್ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟ ನೆಲ. ಅಲ್ಲಿಂದ ವರದೆಯ ಪಯಣ ಹೆಚ್ಚು ಉಳಿದಿಲ್ಲ. ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತಾಳೆ. ಸಂಗಮದ ಗಳಗೇಶ್ವರ ಗುಡಿಯ ಬುಡವನ್ನು ಪಿರಮಿಡ್ಡಿನ ಹಾಗೆ ಇಳಿಜಾರಾಗಿ, ಅಗಲವಾಗಿ ಕಟ್ಟಿದ್ದಾರೆ. ಮಳೆ ನಿಂತು ಹೊಳೆ ತಿಳಿಯಾದ ಮೇಲೆ, ದೀಪಾವಳಿಯ ಆಚೀಚೆ ಹೋದರೆ ಗುಡಿಯೂ ಸಂಗಮವೂ ಚೆನ್ನಾಗಿ ನೋಡಸಿಗುತ್ತವೆ.