ಬೇಲೂರು ನೋಡಲು ಬಂದರು, ಮುಳುಗಿದ ಊರಿನ ಗೆಳೆಯನನ್ನು ಹುಡುಕಿದರು!

ಹಾಸನ: "ಬೇಲೂರು ಬಸ್ಸು ಯಾವ ಕಡೆ ನಿಲ್ಲುತ್ತೆ ಸ್ವಾಮಿ?"

ಮೊನ್ನೆ ಬೆಳಿಗ್ಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಕೇಳಿದವರನ್ನು ನೋಡಿ ಕಂಡಕ್ಟರ್ ಸಾಹೇಬರು ಒಂದು ಗಳಿಗೆ ತಬ್ಬಿಬ್ಬಾದರು. ಕೇಳಿದಾತ ಕೆಂಪು ಮುಖ, ಬಿಳಿ ಕೂದಲಿನ ಆರಡಿ ಎತ್ತರದ ಅಮೆರಿಕಾದ ಮುದುಕ. ಜೊತೆಗೆ ಇನ್ನೊಬ್ಬ ಗಂಡಸು, ಇಬ್ಬರು ಹೆಂಗಸರು. ನಾಲ್ವರೂ ಎಂಬತ್ತು ದಾಟಿದವರು. ಬೆಂಗಳೂರಿನಿಂದ ಬಾಡಿಗೆಗೆ ತಂದ ಟ್ಯಾಕ್ಸಿ ಆಚೆ ನಿಂತಿದೆ. ಆದರೂ ಬೇಲೂರಿಗೆ ಬಸ್ಸಿನಲ್ಲೇ ಹೋಗಬೇಕೆಂಬುದು ಇವರ ಹಟ! ಬಸ್ಸಿನ ಹಿಂದೆ ಖಾಲಿ ಟ್ಯಾಕ್ಸಿ ಬಂತು.

ಬೇಲೂರಿಗೆ ಕೆಲಸದ ಮೇಲೆ ಹೊರಟಿದ್ದ ನನಗೆ ಅವರ ಪಕ್ಕದಲ್ಲೇ ಸೀಟು ಸಿಕ್ಕಿತು. ಬಸ್ಸಿನ ಹೆಂಗಸರೆಲ್ಲ ದುಡ್ಡು ಕೊಡದೆ ಕೂತಿರುವಾಗ ನಮಗೆ ಮಾತ್ರ ಏಕೆ ಚಾರ್ಜು ಎಂದು ಅಮೆರಿಕಾದ ಅಮ್ಮನವರು ಕೇಳಿದರು. ಅದು 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ, ನಮ್ಮ ರಾಜ್ಯದ ಹೆಂಗಸರಿಗೆ ಮಾತ್ರ ಎಂದೆ. "ನಾನೂ ಎರಡು ವರ್ಷ ಇದೇ ರಾಜ್ಯದವಳೇ" ಎಂದು ನಕ್ಕರು. ಕಂಡಕ್ಟರ್ ಜಗ್ಗಲಿಲ್ಲ!

ಯಾರಿವರು?

ಹಳಬರಿಗೆ ನೆನಪಿರಬಹುದು, ಪೀಸ್ ಕೋರ್. 1961ರಲ್ಲಿ ಅಮೆರಿಕಾದ ಅಧ್ಯಕ್ಷ ಕೆನಡಿ ಕಟ್ಟಿದ ಸ್ವಯಂಸೇವಕರ ಪಡೆ. ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಪರದೇಶದ ಹಳ್ಳಿಗೆ ಹೋಗಿ ಎರಡು ವರ್ಷ ದುಡಿಯಬೇಕು. ನಮ್ಮ ದೇಶಕ್ಕೆ ಮೊದಲ ತಂಡ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಪಂಜಾಬಿಗೆ. 1976ರಲ್ಲಿ ಇಲ್ಲಿನ ಕೆಲಸ ನಿಲ್ಲುವಷ್ಟರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಂದು ಹೋಗಿದ್ದರು. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 68ನೇ ವಯಸ್ಸಿನಲ್ಲಿ ಬಂದು ಮುಂಬಯಿ ಹತ್ತಿರದ ವಿಕ್ರೋಲಿಯಲ್ಲಿ ನರ್ಸ್ ಕೆಲಸ ಮಾಡಿದರು.

ನಮ್ಮ ನಾಲ್ವರು ಬಂದದ್ದು 1966ರಲ್ಲಿ. ಆಗ ಇದು ಮೈಸೂರು ರಾಜ್ಯ. ಶಾಲೆಗಳಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಹಂಚುತ್ತಿದ್ದ ಕಾಲ. ಹೆಂಗಸರಿಬ್ಬರು ತಾಯಿ ಮಕ್ಕಳ ಆರೋಗ್ಯ, ಶಾಲೆಯ ಕೈತೋಟ ನೋಡಿಕೊಂಡರು. ಗಂಡಸರು ಕೋಳಿ ಸಾಕಾಣಿಕೆ. ವಾಪಸು ಹೋದ ಮೇಲೆ ಒಬ್ಬೊಬ್ಬರು ಒಂದೊಂದು ಮೂಲೆ ಸೇರಿದರು. ಫೋನು, ಹೊಸ ವರ್ಷದ ಕಾರ್ಡು ಮಾತ್ರ ತಪ್ಪಲಿಲ್ಲ. ನಿಜಕ್ಕೂ ಇವರು ಐದು ಮಂದಿ. "ಒಂದು ಸಲ ಎಲ್ಲರೂ ಸೇರಿ ಹೋಗೋಣ" ಎಂದು ಪ್ರತಿ ವರ್ಷ ಹೇಳುತ್ತಿದ್ದ ಐದನೆಯವರು ಹೋದ ವರ್ಷ ತೀರಿಕೊಂಡರು. ಉಳಿದವರು ಮತ್ತೆ ಮುಂದಕ್ಕೆ ಹಾಕಲಿಲ್ಲ.

ಫೋಟೋದ ಆರನೆಯವನು

ಬೇಲೂರಿನಲ್ಲಿ ಇಳಿದು ದೇವಸ್ಥಾನ ನೋಡಿದರು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ, 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಹೆಂಗಸರು ಮದನಿಕೆಯರನ್ನು ಕತ್ತೆತ್ತಿ ನೋಡಿದ್ದೇ ನೋಡಿದ್ದು. ಎತ್ತರದ ಮುದುಕರು ಮಾತ್ರ ಬೇಗ ಆಚೆ ಬಂದು ಹೋಟೆಲಿನ ಬೆಂಚಿನಲ್ಲಿ ಕೂತು ಜೇಬಿನಿಂದ ಒಂದು ಫೋಟೋ ತೆಗೆದರು.

ಕಪ್ಪು ಬಿಳುಪು. 1967ರ ಮಹಾಮಸ್ತಕಾಭಿಷೇಕದ ಹೊತ್ತಿನಲ್ಲಿ ಶ್ರವಣಬೆಳಗೊಳದ ಬೆಟ್ಟದ ಬುಡದಲ್ಲಿ ತೆಗೆದದ್ದು. ಐದು ಜನ ಬಿಳಿಯರು, ನಡುವೆ ಪಂಚೆ ಉಟ್ಟ ನಮ್ಮೂರ ಹುಡುಗ. "ಇವನು ನನ್ನ ಗೆಳೆಯ. ಇವನ ಮನೆ ಹಿತ್ತಲಲ್ಲೇ ನನ್ನ ಕೋಳಿ ಶೆಡ್ಡು. ಬೇಲೂರು ನೋಡಿಯಾಯಿತು, ಇವನನ್ನು ನೋಡಬೇಕು."

ಊರು ಯಾವುದು ಎಂದರೆ, ಊರೇ ಇಲ್ಲ! ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತಲ್ಲ, ಆ ನೀರಿನ ಕೆಳಗೆ ಹೋದ ಹಳ್ಳಿಗಳಲ್ಲಿ ಅದೂ ಒಂದು. "ಊರು ಖಾಲಿ ಮಾಡುತ್ತಿದ್ದೇವೆ" ಎಂಬುದೇ ಗೆಳೆಯನ ಕೊನೆಯ ಕಾಗದ. ಆಮೇಲೆ ಇವರು ಬರೆದದ್ದು ತಲುಪಲಿಲ್ಲ. ವಿಳಾಸವೇ ಮುಳುಗಿತ್ತು.

ಹೋಟೆಲ್ ಮಾಲೀಕರು ಮಾತಾಡದೆ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ಗೊರೂರು ಕಡೆಯ ನೆಂಟರಿಗೆ ಕಳಿಸಿದರು. ಅವರು ಇನ್ನಾರಿಗೋ ಕಳಿಸಿದರು. ಇಡ್ಲಿ ತಿಂದು ಕಾಫಿ ಕುಡಿದು ಮುಗಿಸಿ ಇನ್ನೂ ಒಂದು ಗಂಟೆ ಆಗಿಲ್ಲ, ಫೋನು ಬಂತು. "ಅವರು ನಮ್ಮ ತಂದೆ. ಆ ಉದ್ದದ ಮನುಷ್ಯ ಕೋಳಿ ದೊರೆ ಅಲ್ವಾ ಸಾರ್?"

ಮುಂದಿನ ಮಾತಿಗೆ ಮಾಲೀಕರ ಮುಖ ಬಾಡಿತು. ತಂದೆ ತೀರಿಕೊಂಡು ಹನ್ನೆರಡು ವರ್ಷ. ತಾಯಿ ಇದ್ದಾರೆ.

ಮಧ್ಯಾಹ್ನಕ್ಕೆ ಹಳೇಬೀಡು ಎಂದು ಚೀಟಿಯಲ್ಲಿ ಬರೆದಿತ್ತು. ಬೇಲೂರಿಂದ ಬರೀ 16 ಕಿಲೋಮೀಟರು. ಡ್ರೈವರು ಅತ್ತ ತಿರುಗಿಸಲು ಹೋದರೆ, ನಾಲ್ವರೂ "ಗೊರೂರು, ಗೊರೂರು" ಎಂದರು. ನನ್ನ ಕೆಲಸ ಕೆಟ್ಟರೆ ಕೆಡಲಿ ಎಂದು ನಾನೂ ಹತ್ತಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಾಕ್ಕೆ ಹೋಗಿ ಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆಯಿತು. ಅಂದು ಅಮೆರಿಕಾದಲ್ಲಿ ಗೊರೂರು, ಇಂದು ಗೊರೂರಿಗೆ ಅಮೆರಿಕಾ!

ಫ್ಲಾಸ್ಕಿನ ಲೆಕ್ಕ

ದಾರಿಯಲ್ಲಿ ಕೋಳಿ ದೊರೆ ಸುಮ್ಮನೆ ಕೂತಿದ್ದರು. ನಾನೇ ಕೆದಕಿದೆ. ಆಗ ಹೊರಬಿತ್ತು, ಐವತ್ತೇಳೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು.

ಗೆಳೆಯನಿಗೆ ಸಾಲ ಮಾಡಿಸಿ ಇನ್ನೂರು ವೈಟ್ ಲೆಗಾರ್ನ್ ಮರಿ ತರಿಸಿದ್ದು ಇವರೇ. ನೆಲಕ್ಕೆ ಭತ್ತದ ಹೊಟ್ಟು ಹಾಸಿ ಶೆಡ್ಡು ಕಟ್ಟಿಸಿದ್ದೂ ಇವರೇ. ಆದರೆ ಕೋಳಿಗೆ ರಾಣಿಖೇತ್ ರೋಗ ಬಂದರೆ ಒಂದೂ ಉಳಿಯದು. ಅದಕ್ಕೆ ಲಸಿಕೆ ಬೇಕು, ಲಸಿಕೆ ತಣ್ಣಗಿರಬೇಕು. ಹಳ್ಳಿಯಲ್ಲಿ ಕರೆಂಟೇ ಇಲ್ಲ, ಐಸು ಎಲ್ಲಿಂದ? ಇವರು ಹಾಸನಕ್ಕೆ ಬಂದು ಫ್ಲಾಸ್ಕಿನಲ್ಲಿ ಐಸು, ಲಸಿಕೆ ತುಂಬಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು. 1968ರಲ್ಲಿ ಅವಧಿ ಮುಗಿಯಿತು, ಊರಿಗೆ ಹೊರಟರು. ಮರು ವರ್ಷ ರೋಗ ಬಿತ್ತು, ಕೋಳಿಯೆಲ್ಲ ಹೋದವು ಎಂದು ಕಾಗದ ಬಂತು.

"ಕೋಳಿ ಸಾಕೋದು ಹೇಳಿಕೊಟ್ಟೆ. ನಾನಿಲ್ಲದಾಗ ಲಸಿಕೆ ತರೋರು ಯಾರು ಅಂತ ಯೋಚನೆ ಮಾಡಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹುಡುಗ ನಾನು, ಎಲ್ಲ ಗೊತ್ತು ಅಂದ್ಕೊಂಡಿದ್ದೆ. ಸಾಲ ಅವನ ತಲೆ ಮೇಲೆ ಬಿತ್ತು."

ಪುನರ್ವಸತಿ ಕಾಲೋನಿಯಲ್ಲಿ ಮಗನ ದಿನಸಿ ಅಂಗಡಿ. ಬಾಗಿಲಲ್ಲೇ ಫಾರಂ ಮೊಟ್ಟೆಯ ಟ್ರೇಗಳು! ಒಳಗಿನಿಂದ ಅಜ್ಜಿ ಬಂದರು. ಕಣ್ಣು ಮಂಜು. ಹತ್ತಿರ ನಿಂತು ನೋಡಿ, "ನೀನೇ ಏನಪ್ಪಾ? ಎಷ್ಟು ವಯಸ್ಸಾಗೋಯ್ತು ನಿಂಗೆ!" ಎಂದರು.

"ಅಕ್ಕ, ಆ ಸಾಲ..." ಎಂದು ಶುರು ಮಾಡಿದ ದೊರೆಗೆ ಮುಂದೆ ಕನ್ನಡವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ.

"ಎಮ್ಮೆ ಮಾರಿ ತೀರಿಸಿದ್ರು ಕಣಪ್ಪ. ಆವತ್ತು ನಾನೂ ನಿನ್ನ ಬೈದಿದ್ದೆ, ಸುಳ್ಯಾಕೆ ಹೇಳ್ಳಿ. ಆಮೇಲೆ ಊರೇ ಹೋಯ್ತು. ಅದರ ಮುಂದೆ ಕೋಳಿ ಯಾವ ಲೆಕ್ಕ? ಕೈಕಾಲು ತೊಳ್ಕಳಿ, ಮುದ್ದೆಗೆ ಎಸರಿಡ್ತೀನಿ."

ಊಟವಾದ ಮೇಲೆ ಮಗ ಅಟ್ಟದಿಂದ ಆ ಫ್ಲಾಸ್ಕು ಇಳಿಸಿದರು. ಒಳಗಿನ ಗಾಜು ಒಡೆದಿದೆ. ಊರು ಬಿಡುವಾಗ ಗಾಡಿಯಲ್ಲಿ ತಂದ ಸಾಮಾನಿನಲ್ಲಿ ಇದೂ ಬಂತಂತೆ. ತಂದೆ ಗದ್ದೆಗೆ ಕಾಫಿ ಒಯ್ಯುತ್ತಿದ್ದುದು ಇದರಲ್ಲೇ. ತೆಗೆದುಕೊಂಡು ಹೋಗಿ ಎಂದರೆ ದೊರೆ ಒಪ್ಪಲಿಲ್ಲ. "ಇಲ್ಲೇ ಇರಲಿ" ಎಂದರು.

ಸಂಜೆ ಎಲ್ಲರೂ ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಹೋಗಿ ನಿಂತೆವು. ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗುವ ಆ ಗೋಡೆಗಳು ಈಗ ನೀರು ಇಳಿದು ಪೂರಾ ಕಾಣುತ್ತಿದ್ದವು. ಮಗ ನೀರಿನ ಕಡೆ ಕೈ ತೋರಿಸಿ, "ನಮ್ಮೂರು ಅಗೋ ಅಲ್ಲಿ" ಎಂದರು. ಅಲ್ಲಿ ನೀರೇ ಕಂಡದ್ದು. ದೊರೆ ಬಹಳ ಹೊತ್ತು ನೋಡಿದರು.

ಹಳೇಬೀಡು ತಪ್ಪಿಹೋಯಿತಲ್ಲ ಎಂದು ನಾನು ಪೇಚಾಡಿದೆ. ಬಸ್ಸಿನಲ್ಲಿ ಚಾರ್ಜಿನ ಬಗ್ಗೆ ಕೇಳಿದ್ದ ಅಮ್ಮನವರು ಹೇಳಿದರು: "ಹಳೇಬೀಡು ಒಂಬೈನೂರು ವರ್ಷದಿಂದ ಇದೆ, ನಾಳೆನೂ ಇರುತ್ತೆ. ಹನ್ನೆರಡು ವರ್ಷ ಮುಂಚೆ ಬಂದಿದ್ದರೆ ಇವನ ಗೆಳೆಯ ಸಿಗ್ತಿದ್ದ."

ಓದುಗರೇ, ಅಂಗಡಿಯಲ್ಲಿ ಕೂತವರೇ, ಬಸ್ಸಿನಲ್ಲಿ ಈ ಪತ್ರಿಕೆ ಹಿಡಿದವರೇ, ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಒಂದು ಫೋಟೋ ಇದ್ದೀತು. ಹಿರಿಯರ ಪಕ್ಕ ನಿಂತ ಬಿಳಿಯ ಹುಡುಗನೋ ಹುಡುಗಿಯೋ ಯಾರು ಎಂದು ಇವತ್ತೇ ಮನೆಯಲ್ಲಿ ಕೇಳಿ. ಹೇಳುವವರು ಇರುವಾಗಲೇ ಕೇಳಿ.