ತಪ್ಪಲಿಕ್ಕೆಂದೇ ಒಂದು ಸಂಜೆ

ಬೆಂಗಳೂರಿನಲ್ಲಿದ್ದಾಗ ವಾರಕ್ಕೊಂದು ಸಂಜೆ ಟ್ಯಾಂಗೊ ಕುಣಿಯಲು ಹೋಗುತ್ತಿದ್ದೆ ಎಂದರೆ ಊರಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲೆ ಲ್ಯಾಪ್‌ಟಾಪ್ ಸಮೇತ ಕಡಬಕ್ಕೆ ಬಂದುಬಿಟ್ಟೆ. ಮಿಸ್ ಮಾಡಿಕೊಂಡದ್ದು ಆಫೀಸನ್ನಲ್ಲ, ಆ ಸಂಜೆಯನ್ನು.

ಅರ್ಜೆಂಟೀನಾದ ಟ್ಯಾಂಗೊದಲ್ಲಿ ಎರಡು ಬಗೆಯ ಕೂಟಗಳುಂಟು. ಒಂದು ಮಿಲೊಂಗಾ. ಅಲ್ಲಿ ಕಣ್ಸನ್ನೆಯಲ್ಲೇ ಜೊತೆಗಾರರನ್ನು ಕರೆಯಬೇಕು. ಜೋಡಿಗಳೆಲ್ಲ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಸುತ್ತುತ್ತಾ ಕುಣಿಯುತ್ತವೆ. ನಡುವೆ ನಿಂತು ಪಾಠ ಹೇಳಿದರೆ ಮರ್ಯಾದೆಯಲ್ಲ. ಇನ್ನೊಂದು ಪ್ರಾಕ್ಟಿಕಾ. ಇಲ್ಲಿ ಹಾಡಿನ ಮಧ್ಯೆಯೇ ನಿಲ್ಲಬಹುದು, "ಎಲ್ಲಿ ತಪ್ಪಿತು?" ಅಂತ ಕೇಳಬಹುದು, ಮುನ್ನಡೆಸುವವರು ಹಿಂಬಾಲಿಸುವವರಾಗಿ ಪಾತ್ರ ಬದಲಿಸಬಹುದು. 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಕುಣಿತವನ್ನು ನಾನು ಕಲಿತದ್ದು ಹೆಚ್ಚಾಗಿ ಪ್ರಾಕ್ಟಿಕಾದಲ್ಲೇ.

ಆದರೆ ಟ್ಯಾಂಗೊಗೆ ಇಬ್ಬರು ಬೇಕು. ಕಡಬದಲ್ಲಿ ನಾನೊಬ್ಬನೇ ಮಾರಾಯ್ರೆ!

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ್ದವು. ಸುಳ್ಯದ ಗೆಳೆಯ ಫೋನ್ ಮಾಡಿದ: "ಪುತ್ತೂರಲ್ಲಿ ಭಾನುವಾರ ಯಕ್ಷಗಾನದ ಹೆಜ್ಜೆ ಅಭ್ಯಾಸ ಉಂಟು, ಬರ್ತೀಯಾ?" ಅವನು ಜಾಲ್ಸೂರು, ಕುಂಬ್ರ ದಾಟಿ ಬಂದ, ನಾನು ಮಳೆಯಲ್ಲಿ ಕುಮಾರಧಾರೆ ದಾಟಿ ಹೋದೆ. ಹಾಲ್‌ನಲ್ಲಿ ಇದ್ದವರೆಲ್ಲ ಹತ್ತು ಹನ್ನೆರಡರ ಮಕ್ಕಳು. ಮೂವತ್ತೊಂದರ ನಾನೇ ಎತ್ತರದ ವಿದ್ಯಾರ್ಥಿ.

ತೆಂಕುತಿಟ್ಟಿನಲ್ಲಿ ಹೊಸಬರು ಪೂರ್ವರಂಗದ ಕೋಡಂಗಿ, ಬಾಲಗೋಪಾಲರಾಗಿ ರಂಗಕ್ಕೆ ಕಾಲಿಡುವುದು ಹಳೆಯ ಕ್ರಮ. ಅದಕ್ಕೂ ಮೊದಲು ಬರಿಗಾಲಿನ ಈ ಅಭ್ಯಾಸ. ಗುರುಗಳು ಕೋಲಿನಿಂದ ಮರದ ತುಂಡಿಗೆ ತಾಳ ಬಡಿಯುತ್ತಾರೆ, ಬಾಯಲ್ಲೇ ಮದ್ದಳೆ ನುಡಿಸುತ್ತಾರೆ. ಏಕತಾಳದಲ್ಲೇ ಎಡವಿದೆ. ಪಕ್ಕದ ಪುಟ್ಟ ಹುಡುಗಿ ಕುಣಿತ ನಿಲ್ಲಿಸಿ, "ಅಣ್ಣಾ, ನೀವು ಪೆಟ್ಟು ಬೀಳುವ ಮೊದಲೇ ಕಾಲಿಡ್ತೀರಿ" ಎಂದಳು. ಬೆಂಗಳೂರಿನಲ್ಲೂ ನನ್ನ ಜೊತೆಗಾರ್ತಿಯರು ಹೇಳುತ್ತಿದ್ದದ್ದು ಇದನ್ನೇ! ಟ್ಯಾಂಗೊದಲ್ಲಿ ಒಂದು ಕಾಲಿನ ಮೇಲೆ ಭಾರ ಪೂರ್ತಿ ಕೂರದೆ ಇನ್ನೊಂದನ್ನು ಎತ್ತಬಾರದು. ನನಗೆ ಸದಾ ಮುಂದಿನದರ ಆತುರ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಒಂದು ಕಾಲದಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳಗ್ಗೆ ತೋಟಕ್ಕಿಳಿಯುತ್ತಿದ್ದವರು. ಈಗ ಜಗಲಿಯ ಕುರ್ಚಿ ಬಿಟ್ಟು ಏಳುವುದೇ ಕಷ್ಟ. ತಿಂಗಳುಗಳಿಂದ ನಮ್ಮ ಮಾತು ಮಾತ್ರೆ, ಊಟಕ್ಕೆ ಮುಗಿಯುತ್ತಿತ್ತು.

"ಕುಣಿ ನೋಡುವ" ಎಂದರು.

ಕುಣಿದೆ. ಬಲಗೈ ಸ್ವಾಧೀನದಲ್ಲಿಲ್ಲ, ಎಡಗೈಯಿಂದ ಕುರ್ಚಿಯ ಹಿಡಿಗೆ ತಾಳ ಬಡಿದರು. ತಡೆದು ತಡೆದು ಹೇಳಿದರು: "ಒಂದು ಪೆಟ್ಟು ಮುಂದೆ ಹೋದೆ. ಇನ್ನೊಮ್ಮೆ."

ಈಗ ದಿನಾ ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಜಗಲಿಯಲ್ಲಿ ಅರ್ಧ ಗಂಟೆ ಇದೇ ಕೆಲಸ. ಕೆಲವೊಮ್ಮೆ ಅಪ್ಪನ ತಾಳವೂ ತಪ್ಪುತ್ತದೆ. ಆಗ ಇಬ್ಬರೂ ನಿಲ್ಲುತ್ತೇವೆ, ಮೊದಲಿಂದ ಶುರು ಮಾಡುತ್ತೇವೆ.

ನಿಮ್ಮೂರಲ್ಲೂ ಇಂಥದ್ದೊಂದು ಅಭ್ಯಾಸ ನಡೆಯುತ್ತಿರಬಹುದು. ವಯಸ್ಸಾಯಿತು ಅಂತ ಹೊರಗೆ ನಿಂತು ನೋಡಬೇಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ.