ಕಿರಣ ಬಿದ್ದಲ್ಲಿ ಎದ್ದ ಬೊಬ್ಬೆ

ಹರದನಹಳ್ಳಿಯಂಥ ಊರಿನಿಂದ ಸ್ತನ ಕ್ಯಾನ್ಸರಿನ ರೇಡಿಯೇಷನ್‌ಗೆಂದು ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗಿಬಂದವರಿಗೆ ಎದೆಯ ಚರ್ಮ ಕೆಂಪಾಗಿ ಉರಿಯುವುದು ಸಾಮಾನ್ಯ. ಕೆಲವು ವಾರಗಳಲ್ಲಿ ಅದು ಮಾಯುತ್ತದೆ.

ತೀರಾ ಅಪರೂಪಕ್ಕೆ, ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ ಅದೇ ಜಾಗದಲ್ಲಿ ವಿಪರೀತ ನವೆ ಶುರುವಾಗಿ, ತಿಳಿನೀರು ತುಂಬಿದ ಬಿಗಿಯಾದ ಬೊಬ್ಬೆಗಳು ಏಳುತ್ತವೆ. ಸುಲಭಕ್ಕೆ ಒಡೆಯವು. ಇದು ಸುಟ್ಟಗಾಯವಲ್ಲ, ಬುಲ್ಲಸ್ ಪೆಂಫಿಗಾಯ್ಡ್. ಮೇಲ್ಚರ್ಮವನ್ನು ಒಳಚರ್ಮಕ್ಕೆ ಅಂಟಿಸಿಡುವ ಬಿಪಿ180, ಬಿಪಿ230 ಎಂಬ ಪ್ರೋಟೀನುಗಳ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುತ್ತದೆ. ಕಿರಣಗಳಿಂದ ಆ ಅಂಟುಪದರಕ್ಕೆ ಪೆಟ್ಟು ಬಿದ್ದು, ಮರೆಯಲ್ಲಿದ್ದ ಪ್ರೋಟೀನು ಹೊರಬೀಳುವುದೇ ಕಾರಣವಿರಬಹುದೆಂಬುದು ವೈದ್ಯರ ಊಹೆ.

ಸರ್ಪಸುತ್ತೆಂದು ಕೆಮ್ಮಣ್ಣು ಹಚ್ಚಿ ಕೂರಬಾರದು. ಬೊಬ್ಬೆಯಂಚಿನ ಚರ್ಮದ ಚೂರು ತೆಗೆದು ಬಯಾಪ್ಸಿ, ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ ಮಾಡಿದರೆ ರೋಗ ಗೊತ್ತಾಗುತ್ತದೆ. ಸ್ಟೀರಾಯ್ಡ್ ಮುಲಾಮು, ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಹಳಷ್ಟು ಮಂದಿಯಲ್ಲಿ ಇದು ಹತೋಟಿಗೆ ಬರುತ್ತದೆ.